ಕೆಜಿ ಅತ್ತೆಯ ಖಾಲಿ ದೋಣಿ

ತಿಂಗಳಿಗೊಮ್ಮೆ ನನ್ನನ್ನು ತೂಗಿ ನೋಡುವ ಹಕ್ಕು ಈ ಲೋಕದಲ್ಲಿ ಒಬ್ಬರಿಗೆ ಮಾತ್ರ ಇದೆ. ಅವಳು ನನ್ನ ತಂದೆಯ ಅಕ್ಕ. ಮನೆಗಳಲ್ಲಿ ಮೈತೂಕ ನೋಡಲು ಇಟ್ಟುಕೊಳ್ಳುವಂಥ ಚಪ್ಪಟೆ ಮೆಷಿನ್ ಒಂದು ಅವಳ ಜೀಪಿನ ಸೀಟಿನ ಕೆಳಗೇ ಇರುತ್ತದೆ. ಅದನ್ನು ಎಳೆದು ನೆಲಕ್ಕಿಟ್ಟು, "ಹತ್ತು" ಎನ್ನುತ್ತಾಳೆ. ನಾನು ಚಪ್ಪಲಿ ಬಿಡಲು ಹೋದರೆ, "ಬಿಡಬೇಡ. ಜೀಪಲ್ಲಿ ಬರಿಗಾಲಲ್ಲಿ ಕೂರ್ತೀಯಾ?" ಎಂದು ತಡೆಯುತ್ತಾಳೆ. ಮುಳ್ಳು ನಿಂತ ಜಾಗವನ್ನು ಬಗ್ಗಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಆ ಪುಸ್ತಕದಲ್ಲಿ ನನ್ನ ಸ್ಥಾನ ಸ್ಟೆಪ್ನಿ ಟೈರಿಗೂ ಜಾಕಿಗೂ ನಡುವೆ. ಕಳೆದ ಸಲ ಎಪ್ಪತ್ತೆಂಟು ಕಿಲೊ.

"ಹೋದ ತಿಂಗಳು ಎಪ್ಪತ್ತಾರು ಇದ್ದೆ. ಕೂತು ಬರೆಯೋ ಕೆಲಸದಲ್ಲಿ ಎರಡು ಕಿಲೊ ಎಲ್ಲಿಂದ ತಂದ್ಯೋ?"

ನಮ್ಮ ದೋಣಿ ರಿಪೇರಿ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕೆಜಿ ಅತ್ತೆ ಎಂದು. ಅವಳು ಅತ್ತೆಯಾಗುವುದು ನನಗೆ ಮಾತ್ರ. ಆದರೆ ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಎಲ್ಲರೆದುರು ಬಾಯಿತಪ್ಪಿ ಹಾಗೆ ಕೂಗಿದ್ದರಿಂದ, ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಪೇಂಟರು ಕೂಡ ಅತ್ತೆ ಎನ್ನಲು ಶುರುಮಾಡಿದರು. ಎರಡು ವರ್ಷದಲ್ಲಿ ಆ ಶೆಡ್ಡಿಗೆ ನಾನು ಕೊಟ್ಟ ಕಾಣಿಕೆ ಎಂದರೆ ಇದೊಂದೇ. ಮಿಕ್ಕಂತೆ ನಾನು ಅಲ್ಲಿನ ಗುಮಾಸ್ತ. ತಗಡಿನ ಗೋಡೆಗೆ ಕೊರೆದ ಗಾಜಿನ ಕಿಟಕಿಯ ಹಿಂದೆ ಕೂತು, ಬಂದ ದೋಣಿ ಹೋದ ದೋಣಿಗಳ ಚೀಟಿ ಬರೆಯುತ್ತೇನೆ. ಅದಕ್ಕೂ ಮೊದಲು ಎರಡು ಕಡೆ ಕೆಲಸ ಮಾಡಿದ್ದೆ, ಎರಡೂ ಕಡೆ ಅಲ್ಲಿನವರೇ ನನ್ನನ್ನು ಗೌರವದಿಂದ ಬಾಗಿಲ ತನಕ ಬಿಟ್ಟುಬಂದಿದ್ದರು. ಇಲ್ಲಿ ಸೇರಿಸಿದ್ದು ಅತ್ತೆಯೇ. "ಹುಡುಗನ ಅಕ್ಷರ ದುಂಡಗಿದೆ" ಎಂದು ಯಜಮಾನರಿಗೆ ಹೇಳಿದ್ದಳಂತೆ. ಬೇರೆ ಏನೂ ಹೇಳಲು ಸಿಕ್ಕಿರಲಿಕ್ಕಿಲ್ಲ.

ಅತ್ತೆಯ ಕೆಲಸ ದೋಣಿಗಳನ್ನು ಟ್ರೇಲರಿನ ಮೇಲೇರಿಸಿ, ಜೀಪಿನ ಹಿಂದೆ ಕಟ್ಟಿಕೊಂಡು, ಕೆರೆಗೋ ಹೊಳೆಗೋ ಮುಟ್ಟಿಸುವುದು. ಐವತ್ತೆಂಟು ವರ್ಷ, ಅರವತ್ತೆರಡು ಕಿಲೊ. ಎರಡನ್ನೂ ಅವಳು ಮುಚ್ಚಿಡುವುದಿಲ್ಲ. ಟ್ರೇಲರ್ ಎಳೆಯುವವರಿಗೆ ಕಾನೂನು ಮೂರು ಮಿತಿ ಹಾಕಿದೆ ಎನ್ನುವುದನ್ನು ನಾನು ಪುಸ್ತಕ ಓದಿ ತಿಳಿದವನಲ್ಲ, ಅವಳ ಬಾಯಿಂದ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿ ತಿಳಿದವನು. ಟ್ರೇಲರಿನ ತಗಡಿನ ಮೇಲೆ ಒತ್ತಿರುವ ತೂಕ ಒಂದು. ಅವಳದಕ್ಕೆ ಒಂದೂವರೆ ಸಾವಿರ ಕಿಲೊ, ಟ್ರೇಲರಿನ ಸ್ವಂತ ತೂಕ ಮುನ್ನೂರ ಎಂಬತ್ತೂ ಅದರಲ್ಲೇ ಸೇರಬೇಕು. ಎರಡನೆಯದು ಮೂತಿ ತೂಕ. ಟ್ರೇಲರಿನ ಮೂತಿ ಜೀಪಿನ ಕೊಂಡಿಯ ಮೇಲೆ ಎಷ್ಟು ಭಾರ ಬಿಡುತ್ತದೆ ಎಂಬುದು. ಜಾಸ್ತಿಯಾದರೆ ಜೀಪು ಹಿಂದಕ್ಕೆ ಕುಸಿದು ಕೂರುತ್ತದೆ, ಕಡಿಮೆಯಾದರೆ ಟ್ರೇಲರು ದಾರಿಯುದ್ದಕ್ಕೂ ಬಾಲ ಅಲ್ಲಾಡಿಸುತ್ತದೆ. ಇದನ್ನು ತೂಗಲೆಂದೇ ಆ ಚಪ್ಪಟೆ ಮೆಷಿನ್. ಮೂರನೆಯದು ಅವಳ ಲೈಸೆನ್ಸಿನ ಮಿತಿ. ಜೀಪು, ಟ್ರೇಲರು, ದೋಣಿ, ಅತ್ತೆ, ಪಕ್ಕದಲ್ಲಿ ಕೂತವನು, ಅವನ ಚಪ್ಪಲಿ, ಎಲ್ಲ ಕೂಡಿ ಮೂರೂವರೆ ಸಾವಿರ ಕಿಲೊ ದಾಟಬಾರದು.

"ಮನೆಯಲ್ಲಿ ಎಲ್ಲದಕ್ಕೂ ತೂಕ ಇದೆ. ನನ್ನ ಮಾತಿಗೊಂದು ಬಿಟ್ಟು" ಎನ್ನುತ್ತಾರೆ ಮಾವ. ಅವರು ಹೊಲಿಗೆಯವರು. ದೋಣಿಗಳ ಮೇಲೆ ಹೊದಿಸುವ ಟಾರ್ಪಾಲಿನ ಹೊದಿಕೆ ಹೊಲಿಯುತ್ತಾರೆ, ಅವುಗಳ ಹಗ್ಗಕ್ಕೆ ತಾವೇ ಕಂಡುಹಿಡಿದ ಒಂದು ಗಂಟು ಹಾಕುತ್ತಾರೆ. ಆ ಗಂಟು ಬಿಚ್ಚುವುದು ಅವರಿಗೂ ಒಂದೇ ಸಲಕ್ಕೆ ಬರುವುದಿಲ್ಲ.

ಅತ್ತೆಗೆ ಈ ತೂಕದ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಏಳು ವರ್ಷದ ಹಿಂದೆ ಅವಳೂ ಎಲ್ಲರ ಹಾಗೆ ಕಣ್ಣಂದಾಜಿನಲ್ಲಿ ಎಳೆಯುತ್ತಿದ್ದವಳು. ಒಂದು ದಿನ ದೋಣಿಯೊಳಗೆ ಅದರ ಮಾಲೀಕ ಮಂಜುಗಡ್ಡೆಯ ಪೆಟ್ಟಿಗೆಗಳನ್ನೂ ಬಲೆಗಳನ್ನೂ ತುಂಬಿಟ್ಟಿದ್ದ. ತಿರುವಿನಲ್ಲಿ ಟ್ರೇಲರು ಹೊರಳಿ, ಫುಟ್‌ಪಾತ್ ಏರಿ, ಬಸ್ ನಿಲ್ದಾಣದ ಬೆಂಚನ್ನು ನುಚ್ಚುನೂರು ಮಾಡಿತು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಎರಡು ನಿಮಿಷ ಮೊದಲು ಒಬ್ಬ ಹೆಂಗಸು ಇದ್ದಳಂತೆ, ಬಸ್ಸು ಬಂತೆಂದು ಎದ್ದುಹೋಗಿದ್ದಳು. ಅತ್ತೆ ಅವಳನ್ನು ನೋಡಿದ್ದೇ ಇಲ್ಲ. ಆದರೂ ಅವಳ ಮಾತು ಬಂದರೆ, "ಆಯಮ್ಮ ಈಗ ಎಲ್ಲಿದ್ದಾಳೋ, ಚೆನ್ನಾಗಿರ್ಲಿ" ಎನ್ನುತ್ತಾಳೆ, ಮನೆಯವರ ಬಗ್ಗೆ ಹೇಳಿದ ಹಾಗೆ.

ಆಗ ಆರು ತಿಂಗಳು ಲೈಸೆನ್ಸ್ ಕಿತ್ತುಕೊಂಡರು. ವಾಪಸು ಕೊಡುವಾಗ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದರು: ಇನ್ನೊಮ್ಮೆ ಮಿತಿ ಮೀರಿದರೆ ಟ್ರೇಲರ್ ಎಳೆಯುವ ಪರವಾನಗಿ ಕಾಯಂ ಆಗಿ ರದ್ದು. ಆ ಆರು ತಿಂಗಳು ಅವಳು ಮಾವನ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಒಂದೇ ಒಂದು ದಿಂಬು ಹೊಲಿದಳು. ಅದರ ಒಂದು ಮೂಲೆ ಇನ್ನೊಂದು ಮೂಲೆಯನ್ನು ಭೇಟಿಯಾಗಿಯೇ ಇಲ್ಲ. ಈಗಲೂ ಜೀಪಿನಲ್ಲಿ ಅವಳು ಬೆನ್ನಿಗೆ ಕೊಟ್ಟುಕೊಳ್ಳುವುದು ಅದನ್ನೇ. ಏಳುನೂರು ಗ್ರಾಂ.

ಇಂಥವಳು ಒಂದು ದಿನ ತೂಗದೆ ಹೊರಟಳು. ನನ್ನನ್ನು ನಂಬಿ.

ಹಲ್ಲಿನ ಡಾಕ್ಟರೊಬ್ಬರು ನಲವತ್ತು ಕಿಲೋಮೀಟರ್ ಆಚೆಯ ಕೆರೆಗೆ ತಮ್ಮ ಮರದ ದೋಣಿ ಸಾಗಿಸಬೇಕೆಂದಿದ್ದರು. ದೋಣಿ ಅವರ ಕಾರ್‌ ಶೆಡ್ಡಿನಿಂದ ನಮ್ಮಲ್ಲಿಗೆ ಬಂದು, ಮಾವ ಹೊಲಿದ ಹೊದಿಕೆ ಹೊದ್ದುಕೊಂಡು, ಮೈತುಂಬ ಗಂಟು ಕಟ್ಟಿಸಿಕೊಂಡು ನಿಂತಿತ್ತು. ತೂಕ ಕೇಳಿ ಚೀಟಿ ಬರೆಯುವುದು ನನ್ನ ಕೆಲಸ. ದೋಣಿ ಕಟ್ಟಿದ ಬಡಗಿಗೆ ಫೋನ್ ಮಾಡಿದೆ.

"ಖಾಲಿ ಎಷ್ಟು ತೂಗುತ್ತೆ ಯಜಮಾನ್ರೇ?"

"ಖಾಲೀನಾ? ಒಂಬೈನೂರು."

ಆಮೇಲೆ ಡಾಕ್ಟರಿಗೆ ಮಾಡಿದೆ.

"ದೋಣಿ ಈಗ ಖಾಲಿ ಇದ್ಯಾ ಸಾರ್?"

"ಪೂರ್ತಿ ಖಾಲಿ ಕಣಪ್ಪ. ಯಾರೂ ಮುಟ್ಟಿಲ್ಲ."

ದುಂಡಗಿನ ಅಕ್ಷರದಲ್ಲಿ ಬರೆದೆ: ದೋಣಿ, ಖಾಲಿ, ಒಂಬೈನೂರು ಕಿಲೊ. ಟ್ರೇಲರು ಸೇರಿ ಸಾವಿರದ ಇನ್ನೂರ ಎಂಬತ್ತು. ಕೆಳಗೆ ಸಹಿ.

ಬೇರೆ ದಿನವಾಗಿದ್ದರೆ ಅತ್ತೆ ಈ ಚೀಟಿಯನ್ನು ಓದುತ್ತಲೂ ಇರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಗೋದಾಮಿನವರ ವೇಬ್ರಿಡ್ಜ್ ಇದೆ, ಲಾರಿಗಳನ್ನು ತೂಗುವ ಜಾಗ. ಅಲ್ಲಿ ಏರಿಸಿ ನೋಡದೆ ಅವಳು ಹೈವೇ ಮುಟ್ಟುವವಳಲ್ಲ. ಅವತ್ತು ಅದು ರಿಪೇರಿಗೆಂದು ಮುಚ್ಚಿತ್ತು. ಡಾಕ್ಟರು ಆಗಲೇ ಕೆರೆ ದಡದಲ್ಲಿ ಕಾಯುತ್ತಿದ್ದರು. ಅತ್ತೆ ಮೂತಿ ತೂಕ ನೋಡಿದಳು, ನೂರು ಕಿಲೊ, ಸರಿಯಾಗಿತ್ತು. ಹೊದಿಕೆ ಬಿಚ್ಚಿ ಒಳಗೆ ನೋಡೋಣ ಎಂದು ಗಂಟಿಗೆ ಕೈ ಹಾಕಿ, ಗಂಡನ ಕೈಚಳಕಕ್ಕೆ ಎರಡು ಮಾತು ಬೈದು, ಬಿಟ್ಟಳು. ಆಮೇಲೆ ನನ್ನ ಕಿಟಕಿಗೆ ಬಂದು ಚೀಟಿ ತೆಗೆದುಕೊಂಡಳು.

"ಸರಿಯಾಗಿ ಕೇಳಿದೀಯೇನೋ?"

"ಇಬ್ಬರನ್ನೂ ಕೇಳಿದೀನಿ ಅತ್ತೆ."

"ಸರಿ. ನಿನ್ನ ಅಕ್ಷರ ನಂಬ್ತೀನಿ. ಬಾ, ಹಗ್ಗ ಹಿಡಿಯೋಕೆ ಒಬ್ಬರು ಬೇಕು."

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆಗ ಮೆಷಿನ್ ಹತ್ತಿಸಿದ್ದರೆ ಎಂಬತ್ತು ದಾಟುತ್ತಿದ್ದೆ.

ಊರು ದಾಟಿ ಮೊದಲ ಇಳಿಜಾರು ಬಂತು. ಅತ್ತೆ ಬ್ರೇಕ್ ಒತ್ತಿದಳು. ಜೀಪು ನಿಧಾನವಾಗಲು ಒಪ್ಪಿತು, ಆದರೆ ಬೆನ್ನ ಹಿಂದಿನಿಂದ ಯಾರೋ ಭುಜ ಕೊಟ್ಟು ತಳ್ಳಿದಂತೆ ಮುಂದಕ್ಕೆ ಸರಿಯಿತು. ಅತ್ತೆ ಗೇರ್ ಇಳಿಸಿದಳು. ಎರಡನೆಯ ಇಳಿಜಾರಿನಲ್ಲಿ ಮತ್ತೆ ಅದೇ ಭುಜ. ಆಗ ರಸ್ತೆ ಪಕ್ಕದ ಪಂಕ್ಚರ್ ಅಂಗಡಿಯ ಮುಂದಿನ ಬಯಲಿಗೆ ಜೀಪು ತಿರುಗಿಸಿ ನಿಲ್ಲಿಸಿದಳು.

"ಇದು ಸಾವಿರದ ಇನ್ನೂರ ಎಂಬತ್ತಲ್ಲ" ಎಂದಳು.

"ಚೀಟಿಯಲ್ಲಿ ಇದ್ಯಲ್ಲ ಅತ್ತೆ."

"ಬ್ರೇಕಿಗೆ ನಿನ್ನ ಅಕ್ಷರ ಓದೋಕೆ ಬರಲ್ಲ ಕಣೋ. ಇಳಿ."

ಮಾವನ ಗಂಟುಗಳನ್ನು ಬಿಚ್ಚಲು ನಮ್ಮಿಬ್ಬರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಹೊದಿಕೆ ಸರಿಸಿದರೆ, ಖಾಲಿ ದೋಣಿಯ ನಡುವೆ ಮರದ ಮುಚ್ಚಳದ ಕೆಳಗೆ ಒಂದು ಇಂಜಿನ್ ಕೂತಿತ್ತು. ಅದರ ಪಕ್ಕ ಪೆಟ್ರೋಲ್ ತುಂಬಿದ ಟ್ಯಾಂಕು. ಹಿಂದೆ ಎರಡು ಬ್ಯಾಟರಿ. ಮೂತಿಯ ಗೂಡಿನಲ್ಲಿ ಲಂಗರು, ಅದರ ಸರಪಳಿ. ಹಗ್ಗ, ಹುಟ್ಟು, ತೇಲು ಜಾಕೆಟ್ಟುಗಳು. ತಳದ ಹಲಗೆ ಎತ್ತಿದರೆ ಕೆಳಗೆ ನೀರು. ಡಾಕ್ಟರು ದೋಣಿಯನ್ನು ಮಳೆಯಲ್ಲಿ ನೆನೆಸಿಯೇ ಕಾರ್ ಶೆಡ್ಡಿಗೆ ಸೇರಿಸಿದ್ದರು, ಮಾವ ಒಳಗೆ ಇಣುಕದೆ ಜಾಗ್ರತೆಯಿಂದ ಹೊದಿಸಿದ್ದರು. ಮಾವನ ಹೊದಿಕೆ ಹೊರಗಿನ ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನದನ್ನು ಹೊರಗೂ ಬಿಡುವುದಿಲ್ಲ. ಅಷ್ಟು ಒಳ್ಳೆಯ ಹೊಲಿಗೆ.

ಬಡಗಿಗೆ ಮತ್ತೆ ಫೋನ್ ಮಾಡಿದೆ. "ಖಾಲಿ ಅಂದ್ರೆ ಖಾಲಿ ಕಣಪ್ಪ, ಬರೀ ಮರ. ಇಂಜಿನ್ ಕೂರಿಸಿದ್ದು ನಾನಾ?" ಎಂದರು. ಡಾಕ್ಟರಿಗೆ ಮಾಡಿದೆ. "ಖಾಲಿ ಅಂದ್ರೆ ಜನ ಯಾರೂ ಇಲ್ಲ ಅಂತ. ದೋಣಿಗೆ ಇಂಜಿನ್ ಇರಲ್ವೇನಪ್ಪ?" ಎಂದರು. ಇಬ್ಬರು ಹೇಳಿದ್ದೂ ನಿಜ. ಎರಡು ನಿಜಗಳನ್ನು ಕೂಡಿಸಿ ನಾನು ಬರೆದದ್ದು ಮಾತ್ರ ಸುಳ್ಳು.

ಅತ್ತೆ ಬಾನೆಟ್ಟಿನ ಮೇಲೆ ಪುಸ್ತಕ ಬಿಚ್ಚಿದಳು. ಇಂಜಿನ್ನಿನ ತೂಕ ಅದರ ತಗಡಿನ ಮೇಲೇ ಇತ್ತು, ನೂರ ನಲವತ್ತು. ಎತ್ತಬಹುದಾದದ್ದನ್ನೆಲ್ಲ ಚಪ್ಪಟೆ ಮೆಷಿನ್ನಿನ ಮೇಲಿಟ್ಟು ತೂಗಿದಳು. ನೀರು ಸುಮಾರು ತೊಂಬತ್ತು ಲೀಟರ್ ಎಂದು ಕೈಯದ್ದಿ ಅಂದಾಜು ಮಾಡಿದಳು. ಲೀಟರಿಗೆ ಒಂದು ಕಿಲೊ. ಒಟ್ಟು ಸಾವಿರದ ಆರುನೂರ ಅರವತ್ತೇಳು. ಟ್ರೇಲರಿನ ಮಿತಿಗಿಂತ ನೂರ ಅರವತ್ತೇಳು ಹೆಚ್ಚು.

ಎರಡು ಕಿಲೋಮೀಟರ್ ಮುಂದೆ ಚೆಕ್‌ಪೋಸ್ಟ್ ಇತ್ತು. ಅಲ್ಲಿ ಟ್ರೇಲರ್ ಎಳೆಯುವವರೆಲ್ಲ ತೂಕಕ್ಕೆ ನಿಲ್ಲಲೇಬೇಕು. ಕಾನೂನಿನ ಕಣ್ಣಿಗೆ ಚೀಟಿ ಬರೆದ ಗುಮಾಸ್ತ ಕಾಣುವುದಿಲ್ಲ, ಸ್ಟಿಯರಿಂಗ್ ಹಿಡಿದವರೇ ಕಾಣುವುದು. ಕೆಂಪು ಶಾಯಿಯ ಸಾಲು ಅವಳ ಲೈಸೆನ್ಸಿನಲ್ಲಿತ್ತು, ನನ್ನದರಲ್ಲಿ ಇರಲಿಲ್ಲ. ನನ್ನ ಹತ್ತಿರ ಲೈಸೆನ್ಸೇ ಇರಲಿಲ್ಲ.

ಹೇಳಬಾರದ್ದನ್ನು ಹೇಳಿದೆ.

"ಅತ್ತೆ, ಹಳೇ ರಸ್ತೆ ಇದ್ಯಲ್ಲ. ಅಲ್ಲಿ ಚೆಕ್‌ಪೋಸ್ಟ್ ಇಲ್ಲ."

ಅವಳು ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಇಳಿಜಾರು ಇದೆ. ಊರುಗಳಿವೆ. ಊರಲ್ಲಿ ಬಸ್ ನಿಲ್ದಾಣ ಇರುತ್ತೆ. ಅಲ್ಲಿ ಬೆಂಚು ಇರುತ್ತೆ" ಎಂದಳು.

ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಳು.

ಮೊದಲು ದೋಣಿಯ ತಳದ ಬಿರಡೆ ಕಿತ್ತಳು. ನೀರು ಪಂಕ್ಚರ್ ಅಂಗಡಿಯವನ ಚಪ್ಪಲಿಗಳನ್ನು ಜೊತೆಯಲ್ಲಿ ಕರೆದುಕೊಂಡು ಚರಂಡಿಯ ಕಡೆ ಹೊರಟಿತು. ತೊಂಬತ್ತು ಹೋಯಿತು. ಬ್ಯಾಟರಿಗಳು, ಲಂಗರು, ಸರಪಳಿ, ಹಗ್ಗ, ಹುಟ್ಟು, ಜಾಕೆಟ್ಟು, ಎಲ್ಲವನ್ನೂ ನಾನು ಹೊತ್ತು ಜೀಪಿಗೆ ಸಾಗಿಸಿದೆ. ಜೀಪಿನಲ್ಲಿಟ್ಟ ತೂಕ ಟ್ರೇಲರಿನ ಲೆಕ್ಕಕ್ಕೆ ಬರುವುದಿಲ್ಲ. ಪೆಟ್ರೋಲ್ ಟ್ಯಾಂಕನ್ನು ಮಾತ್ರ ಅವಳು ಮುಟ್ಟಗೊಡಲಿಲ್ಲ. "ನಮ್ಮ ಬೆನ್ನ ಹಿಂದೆ ಅದು ಬೇಡ." ಟ್ರೇಲರು ಸಾವಿರದ ನಾನೂರ ಅರವತ್ತೈದಕ್ಕೆ ಇಳಿಯಿತು. ಮೂತಿ ತೂಕ ಮತ್ತೆ ನೋಡಿದಳು, ಎಂಬತ್ತೈದು, ಪರವಾಗಿಲ್ಲ.

"ಆಯ್ತಲ್ಲ ಅತ್ತೆ" ಎಂದು ಸೀಟಿಗೆ ಕಾಲಿಟ್ಟೆ.

"ಎಲ್ಲಿ ಆಯ್ತು? ಟ್ರೇಲರಿಂದ ತೆಗೆದು ಜೀಪಿಗಿಟ್ಟೆ. ಎರಡೂ ಸೇರಿದ್ರೆ ಲೈಸೆನ್ಸಿನ ಲೆಕ್ಕ ಏನಾಗುತ್ತೆ?"

ಪುಸ್ತಕ ನನ್ನ ಮುಂದೆ ಹಿಡಿದಳು. ಎಲ್ಲ ಕೂಡಿ ಮೂರು ಸಾವಿರದ ಐನೂರ ಎಂಬತ್ತೈದು. ಎಂಬತ್ತೈದು ಹೆಚ್ಚು. ಆ ಪಟ್ಟಿಯಲ್ಲಿ ಕಾಲಿದ್ದ ಸಾಮಾನು ಒಂದೇ ಒಂದು, ಸ್ಟೆಪ್ನಿಗೂ ಜಾಕಿಗೂ ನಡುವೆ.

"ನಾನಾ?"

"ನೀನು ಎಪ್ಪತ್ತೆಂಟು. ಇನ್ನೂ ಏಳು ಉಳಿಯುತ್ತೆ. ಲಂಗರು, ಸರಪಳಿ ಸೇರಿ ಮೂವತ್ತೆರಡು. ತಗೊಂಡು ನಡಿ."

"ಹೋದ ತಿಂಗಳಾಗಿದ್ರೆ ಎಪ್ಪತ್ತಾರು" ಎಂದೆ.

"ಹೋದ ತಿಂಗಳು ಡಾಕ್ಟರು ಕರೀಲಿಲ್ಲ."

ಹೀಗೆ ನಾನು ಸರಪಳಿಯನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು, ಲಂಗರನ್ನು ಕೈಗೂಸಿನಂತೆ ಎತ್ತಿಕೊಂಡು, ಹೈವೇ ಪಕ್ಕದಲ್ಲಿ ಎರಡು ಕಿಲೋಮೀಟರ್ ನಡೆದೆ. ಅತ್ತೆ ಮುಂದೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಹಿಂದಿನಿಂದ ದೀಪ ಮಿಟುಕಿಸುತ್ತ, ರಸ್ತೆಯ ಅಂಚಿನಲ್ಲಿ ನನ್ನ ನಡಿಗೆಗೆ ಸಮನಾಗಿ ಜೀಪು ಹೊರಳಿಸಿಕೊಂಡು ಬಂದಳು. ದಾಟಿಹೋಗುವ ಲಾರಿಯವರು ತಲೆ ಹೊರಹಾಕಿ ನೋಡಿದರು. ಒಬ್ಬ, "ದೋಣಿ ಬಿಟ್ಟುಹೋಯ್ತಾ ಗುರೂ?" ಎಂದು ಕೇಳಿದ. ಐದು ಕಡೆ ನಿಂತು ಸುಧಾರಿಸಿಕೊಂಡೆ. ನಿಂತಾಗಲೆಲ್ಲ ಅತ್ತೆಯೂ ನಿಂತಳು. ಒಂದು ಸಲ ಏಳುನೂರು ಗ್ರಾಮಿನ ದಿಂಬನ್ನು ಕಿಟಕಿಯಿಂದ ಚಾಚಿ, "ಭುಜಕ್ಕೆ ಇಟ್ಕೋ, ಸರಪಳಿ ಒತ್ತುತ್ತೆ" ಎಂದಳು.

ಚೆಕ್‌ಪೋಸ್ಟಿನಲ್ಲಿ ಕನ್ನಡಕದ ಅಧಿಕಾರಿಯೊಬ್ಬರು ಕೂತಿದ್ದರು. ಅತ್ತೆಯ ಮುಖ ನೋಡಿದ ಕೂಡಲೇ ಎದ್ದು ನಿಂತರು. ಏಳು ವರ್ಷದ ಹಿಂದೆ ಕೆಂಪು ಶಾಯಿಯಲ್ಲಿ ಬರೆದವರು ಅವರೇ ಎಂದು ಆಮೇಲೆ ಗೊತ್ತಾಯಿತು.

"ಏನಮ್ಮ, ನೀವೇ ಬಂದು ಏರಿಸ್ತಿದೀರಿ. ಇನ್ನೂ ಕೈ ತೋರ್ಸೇ ಇಲ್ಲ ನಾನು."

"ತೂಗಿ ಸಾರ್. ನನ್ನ ಅಂದಾಜು ಮೂರು ಸಾವಿರದ ನಾನೂರ ಎಪ್ಪತ್ತೈದು. ನಿಮ್ಮ ಮೆಷಿನ್ ಏನು ಹೇಳುತ್ತೆ ನೋಡೋಣ."

ಇಲ್ಲಿ ಒಂದು ವಿಷಯ ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಬಡಗಿ ಹೇಳಿದ ಒಂಬೈನೂರು ಒಣಗಿದ ಮರದ ತೂಕ. ನೆನೆದ ಮರ ಎಷ್ಟು ನೀರು ಕುಡಿದಿದೆ ಎಂದು ಯಾವ ಚಪ್ಪಟೆ ಮೆಷಿನ್ನೂ ಹೇಳಲಾರದು. ಇಪ್ಪತ್ತೈದು ಕಿಲೊ ತನಕ ಕುಡಿದಿದ್ದರೆ ಅತ್ತೆ ಮನೆಗೆ ಗಾಡಿ ಓಡಿಸಿಕೊಂಡು ಹೋಗುತ್ತಾಳೆ. ಇಪ್ಪತ್ತಾರು ಕುಡಿದಿದ್ದರೆ ಹೊಲಿಗೆ ಮೆಷಿನ್ನಿನ ಪಕ್ಕದ ಕುರ್ಚಿ, ಈ ಸಲ ಆರು ತಿಂಗಳಿಗಲ್ಲ.

ಜೀಪು ನಿಧಾನವಾಗಿ ಕಬ್ಬಿಣದ ಹಾಸಿನ ಮೇಲೇರಿತು. ಅತ್ತೆ ಇಂಜಿನ್ ಆರಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ನೇರ ನೋಡುತ್ತ ಕೂತಳು. ನಾನು ಹಾಸಿನ ಹೊರಗೆ ಲಂಗರು ಅಪ್ಪಿಕೊಂಡು ನಿಂತಿದ್ದೆ, ಉಸಿರು ಬಿಗಿಹಿಡಿದು, ನನ್ನ ಉಸಿರೂ ಎಲ್ಲಿ ಲೆಕ್ಕಕ್ಕೆ ಬರುತ್ತದೋ ಎಂಬಂತೆ. ಕೆಂಪು ಅಂಕಿಗಳು ಮೇಲೆ ಕೆಳಗೆ ಕುಣಿದು ನಿಂತವು.

"ಮೂರು ಸಾವಿರದ ನಾನೂರ ತೊಂಬತ್ತು" ಎಂದರು ಅಧಿಕಾರಿ. ಟ್ರೇಲರನ್ನು ಬೇರೆಯಾಗಿ ತೂಗಿದರು. ಸಾವಿರದ ನಾನೂರ ಎಂಬತ್ತು. ಮರ ಹದಿನೈದು ಕಿಲೊ ಕುಡಿದಿತ್ತು, ಮರ್ಯಾದಸ್ಥರ ಹಾಗೆ.

ಅವರು ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು.

"ಲಂಗರು ಹೊತ್ಕೊಂಡಿರೋ ಇವರು ಯಾರು?"

"ನಮ್ಮ ಗುಮಾಸ್ತ ಸಾರ್. ನನ್ನ ತಮ್ಮನ ಮಗ."

"ಮುಂದೆ ಹೋಗಿ ಹತ್ತಿಸ್ಕೊಂಡ್ರೆ ಮಿತಿ ಮೀರುತ್ತೆ, ಗೊತ್ತಲ್ಲ?"

"ಹತ್ತಿಸ್ಕೊಳ್ಳಲ್ಲ. ಅವನು ಬಸ್ಸಲ್ಲಿ ಬರ್ತಾನೆ. ನಿಮ್ಮ ಕಣ್ಣೆದುರೇ ಹತ್ತಿಸಿ ಸಾರ್, ನನಗೂ ಸಮಾಧಾನ."

ಅವರು ನಕ್ಕರು. ತೂಕದ ಚೀಟಿ ಕೊಟ್ಟರು. ಅದರಲ್ಲಿ ಕೆಂಪು ಶಾಯಿ ಎಲ್ಲೂ ಇರಲಿಲ್ಲ. ಹೋಗುವ ಬಸ್ಸಿಗೆ ಅವರೇ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಕಂಡಕ್ಟರು ಬಾಗಿಲಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇದೇನಿದು?"

"ಲಂಗರು."

"ಬಸ್ಸು ನಿಲ್ಸೋಕಾ? ಬ್ರೇಕ್ ಇದೆ ನಮ್ಮತ್ರ" ಎಂದು ಲಗೇಜ್ ಟಿಕೆಟ್ ಹರಿದ.

ಕೆರೆ ತಲುಪುವಾಗ ಮಧ್ಯಾಹ್ನ ಮೂರು ಗಂಟೆ. ದೋಣಿ ಇನ್ನೂ ಟ್ರೇಲರಿನ ಮೇಲೇ ಇತ್ತು. ಡಾಕ್ಟರು ಗಡಿಯಾರ ನೋಡುತ್ತ ದಡದಲ್ಲಿ ಅಡ್ಡಾಡುತ್ತಿದ್ದರು. ಅತ್ತೆ ಕಲ್ಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಪಕ್ಕದಲ್ಲಿ ಮುಚ್ಚಿಟ್ಟ ಇನ್ನೊಂದು ಲೋಟ ಇತ್ತು.

"ಲಂಗರು ಬರದೆ ದೋಣಿ ನೀರಿಗಿಳಿಸಬಾರ್ದು ಅಂತ ಡಾಕ್ಟರಿಗೆ ಹೇಳ್ದೆ. ಗುಮಾಸ್ತ ಬರದೆ ಇಳಿಸಲ್ಲ ಅಂದಿದ್ರೆ ಕೇಳ್ತಿರ್ಲಿಲ್ಲ ಅವರು" ಎಂದಳು.

ನಾನು ಬಸ್ಸಿನಲ್ಲಿ ಕ್ಷಮೆ ಕೇಳಲು ಒಂದು ಒಳ್ಳೆಯ ವಾಕ್ಯ ಕಟ್ಟಿಕೊಂಡು ಬಂದಿದ್ದೆ. ಅವಳು ಅದಕ್ಕೆ ಜಾಗ ಕೊಡಲಿಲ್ಲ. ಚೀಲದಿಂದ ಬೆಳಗಿನ ಚೀಟಿ ತೆಗೆದು, ಮಂಡಿಯ ಮೇಲಿಟ್ಟು, 'ಖಾಲಿ' ಎಂಬ ಪದದ ಮೇಲೆ ಒಂದು ಗೆರೆ ಎಳೆದಳು. ಪೆನ್ನು ನನ್ನ ಕೈಗಿಟ್ಟಳು.

"ಈಗ ತುಂಬು."

ಬರೆದೆ. ಮರ, ಒಣಗಿದ್ದು, ಒಂಬೈನೂರು. ಕುಡಿದ ನೀರು, ಹದಿನೈದು. ಇಂಜಿನ್. ಟ್ಯಾಂಕು. ಬ್ಯಾಟರಿ ಎರಡು. ಲಂಗರು, ಸರಪಳಿ. ಹಗ್ಗ, ಹುಟ್ಟು, ಜಾಕೆಟ್ಟು. ತಳದ ನೀರು, ಚೆಲ್ಲಿದ್ದು. ಚೀಟಿಯ ಈ ಬದಿ ಸಾಲದೆ ಆ ಬದಿಗೆ ಹೋದೆ. ಸಹಿ ಹಾಕುವಾಗ ಅಕ್ಷರ ಅಷ್ಟೇನೂ ದುಂಡಗೆ ಬರಲಿಲ್ಲ. ಅತ್ತೆ ಅದನ್ನು ಸಾಲು ಸಾಲಾಗಿ ಓದಿ, ಮಡಚಿ, ಲೈಸೆನ್ಸ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಲೈಸೆನ್ಸಿನ ಬೆನ್ನಿಗೇ ಇಟ್ಟಳು. ಅದು ಈಗಲೂ ಅಲ್ಲೇ ಇದೆ.

ದೋಣಿ ನೀರಿಗಿಳಿಯಿತು. ಡಾಕ್ಟರು ಇಂಜಿನ್ ಹಚ್ಚಿ ಹೋದರು. ಅತ್ತೆ ಟ್ರೇಲರಿನ ಹಗ್ಗಗಳನ್ನು ಸುತ್ತಿಟ್ಟು ಸೀಟಿನಲ್ಲಿ ದಿಂಬು ಸರಿಮಾಡಿಕೊಂಡಳು.

"ಬಾ, ಹತ್ತು. ಈಗ ಟ್ರೇಲರ್ ಖಾಲಿ."

ನಾನು ನೆಲದ ಮೇಲೇ ನಿಂತು ಕೇಳಿದೆ: "ಯಾರ ಖಾಲಿ ಅತ್ತೆ?"

ಅವಳು ಕೀಲಿ ತಿರುಗಿಸುವುದನ್ನು ನಿಲ್ಲಿಸಿದಳು. ನನ್ನನ್ನೊಮ್ಮೆ ನೋಡಿದಳು. ಆಮೇಲೆ ಜೀಪಿನಿಂದ ಇಳಿದು, ಹಿಂದೆ ಹೋಗಿ, ಟ್ರೇಲರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಕೆಳಗೂ ನೋಡಿ ಬಂದಳು.

"ನನ್ನ ಖಾಲಿ" ಎಂದಳು. "ಹತ್ತು."